ಮಾತ್ರೆ ಬಿಟ್ಟವರನ್ನು ಬೈಯುವ ಮೊದಲು

“ಶುಗರ್ 340 ಬಂದಿದೆ. ಮಾತ್ರೆ ಸರಿಯಾಗಿ ತಗೊಳ್ತಿದೀರೋ ಇಲ್ವೋ?”

ದಿನಾ ಬೆಳಿಗ್ಗೆ ಓಪಿಡಿ ಬಾಗಿಲು ತೆರೆದರೆ ಸಾಕು, ಕರ್ನಾಟಕದ ಉದ್ದಗಲಕ್ಕೂ ಈ ಪ್ರಶ್ನೆ ಶುರುವಾಗುತ್ತದೆ. ತಾಲ್ಲೂಕು ಆಸ್ಪತ್ರೆ, ಬಸ್ ನಿಲ್ದಾಣದೆದುರಿನ ಕ್ಲಿನಿಕ್, ಬೆಂಗಳೂರಿನ ಎ.ಸಿ. ಹಾಕಿದ ಡಯಾಬಿಟಿಸ್ ಸೆಂಟರ್, ಎಲ್ಲ ಕಡೆಯೂ ಅದೇ ದನಿ. ಎದುರು ಕೂತವರು ತಲೆ ತಗ್ಗಿಸುತ್ತಾರೆ. “ತಗೊಳ್ತಿದೀನಿ ಸಾರ್” ಎಂದು ಒಂದು ಸಣ್ಣ ಸುಳ್ಳು ಹೇಳುತ್ತಾರೆ. ಅದು ಸುಳ್ಳೆಂದು ಡಾಕ್ಟರಿಗೆ ಗೊತ್ತು. ಅವರಿಗೆ ಗೊತ್ತಿದೆಯೆಂದು ಇವರಿಗೂ ಗೊತ್ತು. ಚೀಟಿಗೆ ಇನ್ನೊಂದು ಮಾತ್ರೆ ಸೇರುತ್ತದೆ. ಇದ್ದ ಎರಡನ್ನೇ ನುಂಗದವರು ಮೂರನೆಯದನ್ನು ಹೇಗೆ ನುಂಗುತ್ತಾರೆ, ಆ ಎರಡನ್ನು ಬಿಟ್ಟದ್ದಾದರೂ ಯಾಕೆ ಎಂದು ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿರುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಬೇಕಾಗಿರುವುದು ಅವರ ಸುತ್ತ ಇರುವವರ ಜೊತೆ. ಇದನ್ನು ಓದುತ್ತಿರುವ ನೀವು ಡಾಕ್ಟರಿರಬಹುದು, ಮಗನೋ ಸೊಸೆಯೋ ಇರಬಹುದು, ಗಾರ್ಮೆಂಟ್ಸ್ ಸೂಪರ್‌ವೈಸರು, ಶಾಲೆಯ ಮೇಷ್ಟ್ರು, ದೇವಸ್ಥಾನದ ಧರ್ಮದರ್ಶಿ, ಪಂಚಾಯಿತಿ ಸದಸ್ಯರು ಯಾರಾದರೂ ಇರಬಹುದು. ಔಷಧಿ ಬಿಟ್ಟವರಿಗೆ ನಾವೆಲ್ಲ ಸೇರಿ ಸೋಮಾರಿ, ಉಡಾಫೆಯವನು, ಬಾಯಿಚಪಲದವಳು ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದೇವೆ. ಬಹಳಷ್ಟು ಸಲ ಆ ಹೆಸರು ಸುಳ್ಳು. ನಮಗೆ ಅನುಕೂಲವಾದ ಸುಳ್ಳು, ಅಷ್ಟೆ. ಯಾಕೆಂದರೆ ತಪ್ಪು ಅವರದೆಂದ ಕೂಡಲೇ ನಾವು ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ದೀರ್ಘಕಾಲದ ಚಿಕಿತ್ಸೆಗಳ ಬಗ್ಗೆಯೇ ಒಂದು ವರದಿ ತಂದಿತು. ಶ್ರೀಮಂತ ದೇಶಗಳಲ್ಲಿ ಕೂಡ ಇಂಥ ಕಾಯಿಲೆಗಳ ಔಷಧಿಯನ್ನು ಹೇಳಿದ ಹಾಗೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಜನ ಎಂದು ಅದರಲ್ಲಿದೆ. ಅರ್ಧ ಜಗತ್ತು ಉಡಾಫೆಯದಾಗಿರಲು ಸಾಧ್ಯವಿಲ್ಲ. ಕೊಡುವ ರೀತಿಯಲ್ಲೇ ಎಲ್ಲೋ ಹುಳುಕಿದೆ. ನಮ್ಮಲ್ಲಂತೂ ಲೆಕ್ಕ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರನ್ನು ಬೈದು ಸರಿಮಾಡುತ್ತೇವೆಂದು ಹೊರಟಿದ್ದೇವೆ.

ಈ ಕಾಯಿಲೆಯ ಸ್ವಭಾವವೇ ಮಾತ್ರೆ ಬಿಡಿಸುವಂಥದ್ದು. ಜ್ವರ ಬಂದರೆ ಮೈ ಸುಡುತ್ತದೆ, ಮಾತ್ರೆ ನುಂಗಿದರೆ ಇಳಿಯುತ್ತದೆ, ಇಳಿದ ಮೇಲೆ ಮಾತ್ರೆ ನಿಲ್ಲಿಸುತ್ತೇವೆ. ಹುಟ್ಟಿದಾಗಿನಿಂದ ಔಷಧಿಯ ಬಗ್ಗೆ ನಾವು ಕಲಿತ ಪಾಠ ಅಷ್ಟೇ. ಸಕ್ಕರೆ ಕಾಯಿಲೆ ಆ ಪಾಠವನ್ನು ಪೂರ್ತಿ ತಲೆಕೆಳಗು ಮಾಡುತ್ತದೆ. ನೋವಿಲ್ಲ, ಜ್ವರವಿಲ್ಲ, ಎದ್ದು ಓಡಾಡಿಕೊಂಡಿರಬಹುದು. ಮಾತ್ರೆ ನುಂಗಿದರೆ ಹಿತವೇನೂ ಗೊತ್ತಾಗುವುದಿಲ್ಲ, ಬಿಟ್ಟರೆ ಅಹಿತವೂ ಗೊತ್ತಾಗುವುದಿಲ್ಲ. ಮೂರು ತಿಂಗಳು ಶ್ರದ್ಧೆಯಿಂದ ನುಂಗಿದವರಿಗೆ ರಕ್ತಪರೀಕ್ಷೆಯಲ್ಲಿ ‘ನಾರ್ಮಲ್’ ಎಂದು ಬಂದರೆ, ವಾಸಿಯಾಯಿತೆಂದು ಅವರು ಮಾತ್ರೆ ನಿಲ್ಲಿಸುವುದು ದಡ್ಡತನವಲ್ಲ. ಜೀವಮಾನವಿಡೀ ಕಲಿತದ್ದನ್ನು ಪಾಲಿಸುತ್ತಿದ್ದಾರೆ. ಅದು ಮಾತ್ರೆಯಿಂದ ಬಂದ ನಾರ್ಮಲ್, ಮಾತ್ರೆ ನಿಂತರೆ ಅದೂ ಹೋಗುತ್ತದೆ ಎಂದು ಕೂರಿಸಿಕೊಂಡು ಹೇಳಿದವರು ಯಾರು?

ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಬ್ರಿಟನ್ನಿನಲ್ಲಿ 1977ರಿಂದ, ಟೈಪ್ 2 ಡಯಾಬಿಟಿಸ್ ಆಗಷ್ಟೇ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಯುಕೆಪಿಡಿಎಸ್ ಎಂದರೆ ವೈದ್ಯರಿಗೆಲ್ಲ ಗೊತ್ತು. 1998ರಲ್ಲಿ ಬಂದ ಫಲಿತಾಂಶದ ಪ್ರಕಾರ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಮೂತ್ರಪಿಂಡ ಮೊದಲಾದ ಕಡೆ ಸಣ್ಣ ರಕ್ತನಾಳಗಳಿಗೆ ಆಗುವ ಹಾನಿ ಶೇ. 25ರಷ್ಟು ಕಡಿಮೆಯಾಗಿತ್ತು. ಅಧ್ಯಯನ ಮುಗಿದ ಒಂದು ವರ್ಷದೊಳಗೆ ಎರಡೂ ಗುಂಪಿನವರ ಸಕ್ಕರೆಯ ಮಟ್ಟ ಒಂದೇ ಆಯಿತು. ಆದರೆ 10 ವರ್ಷಗಳ ನಂತರ, 2008ರಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಮೊದಲು ಹಿಡಿತದಲ್ಲಿಟ್ಟುಕೊಂಡವರ ಲಾಭ ಹಾಗೇ ಉಳಿದಿತ್ತು. ಹೃದಯಾಘಾತವೂ ಸಾವೂ ಅವರಲ್ಲಿ ಕಡಿಮೆಯಿದ್ದವು. ಅಂದರೆ ಮಾತ್ರೆಗೆ ಅತಿ ಹೆಚ್ಚು ಬೆಲೆ ಇರುವುದು ಕಾಯಿಲೆಯ ಮೊದಲ ವರ್ಷಗಳಲ್ಲಿ. ಮನುಷ್ಯನಿಗೆ ಏನೂ ಆಗಿಲ್ಲವೆಂದು ಅನ್ನಿಸುವುದೂ ಅದೇ ವರ್ಷಗಳಲ್ಲಿ. ಆ ಹೊತ್ತಿನಲ್ಲಿ ಅವರ ಕೈ ಹಿಡಿಯಬೇಕಾದ ನಾವು ಚೀಟಿ ಕೊಟ್ಟು ಕಳಿಸುತ್ತೇವೆ. ಕಣ್ಣು ಮಂಜಾಗಿ, ಕಾಲಿನ ಬೆರಳು ಕಪ್ಪಾಗಿ ಬಂದಾಗ “ಇಷ್ಟು ವರ್ಷ ಏನ್ಮಾಡ್ತಿದ್ರಿ?” ಎನ್ನುತ್ತೇವೆ.

ಈಗ ಆ ಚೀಟಿಯನ್ನೇ ಸ್ವಲ್ಪ ನೋಡೋಣ. ಅದರಲ್ಲಿ 1-0-1 ಎಂದಿರುತ್ತದೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಪಕ್ಕದಲ್ಲಿ ‘ಊಟಕ್ಕೆ ಮುಂಚೆ’ ಅಥವಾ ‘ಊಟದ ನಂತರ’. ಹೊತ್ತು ಹೊತ್ತಿಗೆ ತಿಂಡಿ, ಊಟ ಸಿಗುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಚೀಟಿ ಅದು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೊತ್ತು ಮೂಡುವ ಮುಂಚೆ ಬಂದು ಹೂವಿನ ಕುಕ್ಕೆ ಎತ್ತಿಕೊಳ್ಳುವ ಹೆಂಗಸಿಗೆ ಬೆಳಗಿನ ಊಟ ಎಂದರೆ ಎಷ್ಟು ಗಂಟೆಗೆ? ಎರಡು ಟೀ ಕುಡಿದು ಹನ್ನೊಂದರವರೆಗೆ ತಳ್ಳುತ್ತಾಳೆ. ಡಾಕ್ಟರು ಹೇಳಿದ್ದಾರೆಂದು ಏಳು ಗಂಟೆಗೆ ಗ್ಲಿಮೆಪಿರೈಡ್ ನುಂಗುತ್ತಾಳೆ. ಅದು ರಕ್ತದ ಸಕ್ಕರೆ ಇಳಿಸುವ ಮಾತ್ರೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ನೋಡಿ ಕೆಲಸ ಮಾಡುವುದಿಲ್ಲ. ಒಂಬತ್ತರ ಹೊತ್ತಿಗೆ ಕೈ ನಡುಕ, ತಣ್ಣನೆ ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ. ಪಕ್ಕದ ಅಂಗಡಿಯವರು ಸಕ್ಕರೆ ಹಾಕಿದ ಟೀ ಕುಡಿಸುತ್ತಾರೆ, ಸುಧಾರಿಸಿಕೊಳ್ಳುತ್ತಾಳೆ. ಎರಡು ಸಲ ಹೀಗಾದ ಮೇಲೆ ಅವಳೊಂದು ತೀರ್ಮಾನಕ್ಕೆ ಬರುತ್ತಾಳೆ: ಈ ಮಾತ್ರೆ ನನಗೆ ಆಗಿಬರುವುದಿಲ್ಲ. ತನ್ನ ಮೈಯನ್ನು ಗಮನವಿಟ್ಟು ನೋಡಿ ತೆಗೆದುಕೊಂಡ ತೀರ್ಮಾನ ಅದು, ಅವಳ ಅನುಭವದಲ್ಲಿ ತಪ್ಪಿಲ್ಲ. ಮಾತ್ರೆಯನ್ನು ಅವಳ ದಿನಕ್ಕೆ ಹೊಂದಿಸುವುದು ಬರೆದವರ ಕೆಲಸವಾಗಿತ್ತು. ಹೊತ್ತು ಬದಲಾಯಿಸಬಹುದಿತ್ತು, ಅಷ್ಟು ಬೇಗ ಸಕ್ಕರೆ ಇಳಿಸದ ಬೇರೆ ಮಾತ್ರೆ ಬರೆಯಬಹುದಿತ್ತು. ಅದಕ್ಕೆ “ಎಷ್ಟು ಗಂಟೆಗೆ ಏಳ್ತೀರಮ್ಮ, ಮೊದಲ ಊಟ ಯಾವಾಗ?” ಎಂಬ ಒಂದೇ ಪ್ರಶ್ನೆ ಸಾಕಿತ್ತು.

ಲಾರಿ, ಕ್ಯಾಬ್ ಓಡಿಸುವವರದ್ದು ಇದೇ ಭಯ, ಇನ್ನೂ ಒಂದು ಕೈ ಮೇಲೆ. ಸ್ಟಿಯರಿಂಗ್ ಹಿಡಿದಾಗ ಶುಗರ್ ಲೋ ಆದರೆ ಹೋಗುವುದು ತಮ್ಮೊಬ್ಬರ ಜೀವವಲ್ಲ. ಅದಕ್ಕೇ ಗಾಡಿ ಹತ್ತುವ ದಿನ ಮಾತ್ರೆ ಬಿಡುತ್ತಾರೆ. ಹಾಗೆ ಬಿಡುವುದು ಜವಾಬ್ದಾರಿ ಎಂದೇ ಅವರು ತಿಳಿದುಕೊಂಡಿದ್ದಾರೆ.

ಮೆಟ್‌ಫಾರ್ಮಿನ್ ಇನ್ನೊಂದು ಕಥೆ. ಅಗ್ಗದ, ದಶಕಗಳಿಂದ ಪರೀಕ್ಷೆಗೆ ನಿಂತ ಒಳ್ಳೆಯ ಔಷಧಿ. ಆದರೆ ಶುರುವಿನಲ್ಲಿ ಹಲವರಿಗೆ ಹೊಟ್ಟೆ ಕೆಡಿಸುತ್ತದೆ, ಭೇದಿಯಾಗುತ್ತದೆ. ಊಟದ ಜೊತೆ ತೆಗೆದುಕೊಂಡರೆ, ಕಡಿಮೆ ಡೋಸಿನಿಂದ ನಿಧಾನವಾಗಿ ಏರಿಸಿದರೆ, ಇಲ್ಲವೇ ನಿಧಾನವಾಗಿ ಕರಗುವ ಬಗೆಯ ಮಾತ್ರೆ ಕೊಟ್ಟರೆ ಬಹಳ ಜನಕ್ಕೆ ಇದು ತಪ್ಪುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಬೇಕು. ಹೇಳದೆ ಹೋದರೆ ಏನಾಗುತ್ತದೆಂದು ತಿಳಿಯಬೇಕಾದರೆ ಗಾರ್ಮೆಂಟ್ಸ್ ಕಾರ್ಖಾನೆಯ ಲೈನಿನಲ್ಲಿ ಕೂತ ಹೆಣ್ಣುಮಗಳನ್ನು ನೆನೆಯಿರಿ. ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಇದೆ. ಎರಡು ಸಲ ಶೌಚಾಲಯಕ್ಕೆ ಎದ್ದರೆ ಸೂಪರ್‌ವೈಸರ್ ಕಣ್ಣು ಬೀಳುತ್ತದೆ. ಸಕ್ಕರೆ ಏರಿದಾಗ ಮೂತ್ರ ಪದೇ ಪದೇ ಬರುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾಳೆ. ಇನ್ನು ಹೊಟ್ಟೆ ಕೆಡಿಸುವ ಮಾತ್ರೆಯನ್ನು ಡ್ಯೂಟಿಯ ದಿನ ನುಂಗುತ್ತಾಳೆಯೇ? ಭಾನುವಾರ ಮಾತ್ರ ನುಂಗುತ್ತಾಳೆ. ಕಾರ್ಖಾನೆಯ ಗೋಡೆಗೆ ವಿಶ್ವ ಮಧುಮೇಹ ದಿನದ ಬ್ಯಾನರ್ ಕಟ್ಟುವ ಮಾಲೀಕರೇ, ಅವಳಿಗೆ ಎದ್ದು ಹೋಗಿಬರುವ ಸ್ವಾತಂತ್ರ್ಯ ಕೊಡಿ. ಬ್ಯಾನರು ಇಲ್ಲದಿದ್ದರೂ ನಡೆಯುತ್ತದೆ.

ಮನೆಯೊಳಗಿನ ಅನ್ಯಾಯದ ಬಗ್ಗೆ ನಾವು ಯಾವಾಗಲೂ ಮೆತ್ತಗೆ ಮಾತಾಡುತ್ತೇವೆ. ಯಜಮಾನರಿಗೆ ಶುಗರ್ ಬಂದರೆ ಇಡೀ ಅಡುಗೆಮನೆ ಬದಲಾಗುತ್ತದೆ. ಅನ್ನ ಕಡಿಮೆಯಾಗಿ ಸೊಪ್ಪು, ಕಾಳು ಜಾಸ್ತಿಯಾಗುತ್ತದೆ, ಕಾಫಿಗೆ ಸಕ್ಕರೆ ನಿಲ್ಲುತ್ತದೆ, ಮಾತ್ರೆಯ ಡಬ್ಬಿ ಊಟದ ತಟ್ಟೆಯ ಪಕ್ಕ ಬರುತ್ತದೆ. ಅದೇ ಕಾಯಿಲೆ ಅಮ್ಮನಿಗೆ ಬಂದರೆ? ಅವಳಿಗಾಗಿ ಯಾರೂ ಬೇರೆ ಅಡುಗೆ ಮಾಡುವುದಿಲ್ಲ, ತನಗೊಬ್ಬಳಿಗೆಂದು ಅವಳೂ ಮಾಡಿಕೊಳ್ಳುವುದಿಲ್ಲ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಅನ್ನವನ್ನು ಹಾಳುಮಾಡಬಾರದೆಂದು ಅವಳೇ ಮುಗಿಸುತ್ತಾಳೆ. ಬೆಳಿಗ್ಗೆ ವಾಕಿಂಗ್ ಹೋಗಿ ಎಂದು ಡಾಕ್ಟರು ಹೇಳಿರುತ್ತಾರೆ. ಆರು ಗಂಟೆಗೆ ಅವಳು ವಾಕಿಂಗ್ ಹೋದರೆ ಟಿಫನ್ ಬಾಕ್ಸ್ ಕಟ್ಟುವವರು ಯಾರು ಎಂದು ಅವರೂ ಕೇಳುವುದಿಲ್ಲ, ಮನೆಯವರೂ ಕೇಳುವುದಿಲ್ಲ. ತಿಂಗಳ ಕೊನೆಯಲ್ಲಿ ದುಡ್ಡು ಸಾಲದಾದಾಗ ಮೊದಲು ನಿಲ್ಲುವುದು ಅವಳ ಮಾತ್ರೆ. ‘ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ’ ಎನ್ನುತ್ತಾಳೆ. ಆ ಮಾತನ್ನು ನಂಬಿಕೊಂಡು ಬಿಡುವುದು ನಮಗೆಲ್ಲ ಎಷ್ಟು ಸುಲಭ! 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಬಸ್ ಓಡುವ ಊರಾದರೆ ಆಸ್ಪತ್ರೆಗೆ ಹೋಗಿಬರುವ ಖರ್ಚು ಉಳಿಯಿತು. ಹೋಗಲು ಅರ್ಧ ದಿನದ ಬಿಡುವು ಕೊಡಬೇಕಾದವರು ಮಾತ್ರ ಇನ್ನೂ ಮನೆಯಲ್ಲೇ ಇದ್ದಾರೆ.

ಉಪಚಾರದ ಹೆಸರಿನಲ್ಲಿ ನಾವು ಮಾಡುವ ಹಿಂಸೆಯೂ ಕಡಿಮೆಯದಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೆ “ಒಂದು ಹೋಳಿಗೆಗೆ ಏನಾಗಲ್ಲ ಹಾಕಿಸ್ಕೊಳಿ” ಎಂದು ಬಡಿಸಿಯೇ ಬಿಡುತ್ತೇವೆ. ಮೇಲೆ ತುಪ್ಪ ಬೇರೆ. ಅದೇ ಮನುಷ್ಯ ತಾನಾಗಿ ಒಂದು ಜಿಲೇಬಿಗೆ ಕೈ ಹಾಕಿದರೆ, “ಅಯ್ಯೋ, ನಿಮಗೆ ಶುಗರ್ ಅಲ್ವಾ?” ಎಂದು ಹತ್ತು ಜನರೆದುರು ಕೂಗುತ್ತೇವೆ. ಬೇಡವೆಂದರೆ ಬಲವಂತ, ಬೇಕೆಂದರೆ ಅವಮಾನ. ಹೀಗೆ ಎರಡೂ ಕಡೆಯಿಂದ ಹೊಡೆಸಿಕೊಂಡವರು ಕಾಯಿಲೆಯನ್ನೇ ಮುಚ್ಚಿಡಲು ಕಲಿಯುತ್ತಾರೆ. ಮುಚ್ಚಿಟ್ಟವರು ಮಾತ್ರೆಯ ಪಟ್ಟಿಯನ್ನು ಜನರ ಮುಂದೆ ತೆಗೆಯುವುದಿಲ್ಲ, ಆಫೀಸಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲ. ಮದುವೆಗೆ ಬಂದ ಮಗಳಿಗೆ ಟೈಪ್ 1, ಅಂದರೆ ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯ ಡಯಾಬಿಟಿಸ್, ಇದ್ದರೆ ತಾಯ್ತಂದೆಯರೇ ಸಿರಿಂಜನ್ನು ಬೀರುವಿನಲ್ಲಿ ಬಚ್ಚಿಡುತ್ತಾರೆ. ಸಂಬಂಧ ನೋಡಲು ಹೋಗುವ ಗಂಡಿನ ಕಡೆಯವರು ಒಮ್ಮೆ ಎದೆ ಮುಟ್ಟಿಕೊಳ್ಳಬೇಕು: ಅದನ್ನು ಬಚ್ಚಿಡುವ ಹಾಗೆ ಮಾಡಿದ್ದು ಯಾರು?

ಮನೆಮದ್ದಿನ ವಿಷಯಕ್ಕೆ ಬಂದರೆ ಓದಿದವರು ನಗುತ್ತಾರೆ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಹಿತ್ತಲಿನಲ್ಲಿ ಬೆಳೆದ ‘ಇನ್ಸುಲಿನ್ ಗಿಡ’ದ ಎಲೆ, ಹದಿನೈದೇ ದಿನದಲ್ಲಿ ಬೇರುಸಹಿತ ಕೀಳುತ್ತೇನೆನ್ನುವ ಪುಡಿ. ನನಗೆ ನಗು ಬರುವುದಿಲ್ಲ. ಮೆಂತ್ಯ ತಿನ್ನಿ, ಹಾಗಲಕಾಯಿ ಪಲ್ಯವೂ ಒಳ್ಳೆಯದೇ. ಆದರೆ ಅವನ್ನು ನೆಚ್ಚಿ ಮಾತ್ರೆ ಬಿಟ್ಟವರ ಮೂತ್ರಪಿಂಡವನ್ನು ಯಾವ ಎಲೆಯೂ ಉಳಿಸಿಕೊಡುವುದಿಲ್ಲ. ‘ಇಂಗ್ಲಿಷ್ ಮಾತ್ರೆ ಕಿಡ್ನಿ ತಿನ್ನುತ್ತೆ’ ಎಂಬ ಮಾತು ಊರೂರಲ್ಲಿದೆ. ಕಿಡ್ನಿಯನ್ನು ತಿನ್ನುವುದು ವರ್ಷಗಟ್ಟಲೆ ಏರಿಯೇ ಇದ್ದ ಸಕ್ಕರೆ ಮತ್ತು ರಕ್ತದೊತ್ತಡ. ಇದನ್ನು ಗಟ್ಟಿಯಾಗಿ ಹೇಳಬೇಕು. ಆದರೆ ಜನ ಪುಡಿ ಮಾರುವವನನ್ನು ಯಾಕೆ ನಂಬುತ್ತಾರೆ ಎನ್ನುವುದನ್ನೂ ನೋಡಬೇಕು. ಜಗತ್ತಿನ 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಎರಡು ನಿಮಿಷದ ಆಸುಪಾಸು. ಪುಡಿ ಮಾರುವವನು ಅರ್ಧ ಗಂಟೆ ಕೂರುತ್ತಾನೆ. ರಾತ್ರಿ ನಿದ್ದೆ ಬರುತ್ತದೆಯೇ, ಕಾಲು ಜುಮ್ಮೆನ್ನುತ್ತದೆಯೇ, ಮನೆಯಲ್ಲಿ ಏನು ಚಿಂತೆ ಎಂದು ಕೇಳುತ್ತಾನೆ. ಅವನ ಪುಡಿ ಮೋಸದ್ದು. ಅವನು ಕೊಟ್ಟ ಗಮನವನ್ನು ನಾವು ಕೊಟ್ಟಿದ್ದರೆ ಅವನ ಅಂಗಡಿ ತೆರೆಯುತ್ತಲೇ ಇರಲಿಲ್ಲ.

ಇನ್ಸುಲಿನ್ನಿಗೆ ನಾವು ಮಾಡಿರುವ ಅಪಚಾರ ಇದಕ್ಕಿಂತ ದೊಡ್ಡದು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಅದನ್ನು ಮೊದಲು ಕೊಟ್ಟರು. ಅಲ್ಲಿಯವರೆಗೆ ಆ ಕಾಯಿಲೆಯ ಮಕ್ಕಳು ಹಸಿವಿನ ಪಥ್ಯದಲ್ಲಿ ಸೊರಗಿ ಸಾಯುತ್ತಿದ್ದರು. ಅವನು ಇನ್ನೂ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಅಂಥ ಔಷಧಿಯನ್ನು ನಾವು ಬೆತ್ತದ ಹಾಗೆ ಬಳಸುತ್ತೇವೆ. “ಮಾತ್ರೆ ಸರಿಯಾಗಿ ತಗೊಳ್ದಿದ್ರೆ ಇಂಜೆಕ್ಷನ್ ಹಾಕ್ಬೇಕಾಗುತ್ತೆ ನೋಡಿ!” ಹತ್ತು ವರ್ಷ ಹೀಗೆ ಹೆದರಿಸಿ, ಹನ್ನೊಂದನೇ ವರ್ಷ ಅದೇ ಡಾಕ್ಟರು ಇನ್ಸುಲಿನ್ ಬರೆದರೆ, ರೋಗಿಗೆ ಅದು ಚಿಕಿತ್ಸೆಯೆಂದು ಹೇಗೆ ಅನ್ನಿಸಬೇಕು? ಶಿಕ್ಷೆಯಾಯಿತು, ಇನ್ನೇನು ಮುಗಿಯಿತು ಎಂದುಕೊಳ್ಳುತ್ತಾರೆ. ಟೈಪ್ 2 ವರ್ಷಗಳು ಕಳೆದ ಹಾಗೆ ಮೇದೋಜೀರಕ ಗ್ರಂಥಿಯ ಶಕ್ತಿಯನ್ನು ಕುಂದಿಸುತ್ತಲೇ ಹೋಗುತ್ತದೆ. ನಿಯತ್ತಾಗಿ ಪಥ್ಯ ಮಾಡಿದವರಿಗೂ ಕೊನೆಗೆ ಇನ್ಸುಲಿನ್ ಬೇಕಾಗಬಹುದು. ವೈದ್ಯ ಮಿತ್ರರೇ, ದಯವಿಟ್ಟು ಆ ಬೆದರಿಕೆಯ ಮಾತನ್ನು ಇವತ್ತೇ ಬಿಡಿ.

ಫ್ರಿಜ್ ಇಲ್ಲ ಎಂಬ ಕಾರಣಕ್ಕೆ ಇನ್ಸುಲಿನ್ ಬೇಡವೆಂದವರೂ ಇದ್ದಾರೆ. ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ವೈದ್ಯರ ಅಂತರರಾಷ್ಟ್ರೀಯ ಸೇವಾ ಸಂಸ್ಥೆ ಎಂಎಸ್ಎಫ್, ಜಿನೀವಾ ವಿಶ್ವವಿದ್ಯಾಲಯದ ಜೊತೆ ಸೇರಿ, ಫ್ರಿಜ್ ಇಲ್ಲದೆ ಇನ್ಸುಲಿನ್ ಉಳಿಯುತ್ತದೆಯೇ ಎಂದು ಪರೀಕ್ಷಿಸಿತ್ತು. 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಶಾಖದಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ನಿನ ಶಕ್ತಿ ಕುಂದಲಿಲ್ಲ ಎಂದು 2021ರಲ್ಲಿ ಪ್ರಕಟವಾಯಿತು. ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ತೇವದ ಮಣ್ಣಿನ ಮಡಕೆಯಲ್ಲಿ ಮನೆಯ ತಂಪು ಮೂಲೆಯಲ್ಲಿಡಬಹುದು. ಫ್ರಿಜ್ ಇಲ್ಲದವರಿಗೆ ಇದನ್ನು ತೋರಿಸಿಕೊಡುವ ನರ್ಸಮ್ಮ ಎಷ್ಟು ಜನರನ್ನು ಉಳಿಸಬಲ್ಲರೋ.

ಟೈಪ್ 1 ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಅವರ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದನ್ನು ನಿಲ್ಲಿಸಿದರೆ ದಿನಗಳಲ್ಲೇ ಪ್ರಾಣಕ್ಕೆ ಬರುತ್ತದೆ. ಯಾವ ಸ್ವಾಮಿ, ಯಾವ ಪುಡಿ, ಯಾವ ಯೋಗ ಶಿಬಿರವೂ ಅದಕ್ಕೆ ಬದಲಿಯಲ್ಲ. ಶಾಲೆಯಲ್ಲಿ ಆ ಮಗು ಪಾಠದ ನಡುವೆ ಬಿಸ್ಕತ್ತು ತಿನ್ನಬೇಕಾಗಬಹುದು, ಬೆರಳು ಚುಚ್ಚಿ ನೋಡಿಕೊಳ್ಳಬೇಕಾಗಬಹುದು. ಸಿಬಿಎಸ್‌ಇ 2017ರಲ್ಲೇ ಬೋರ್ಡ್ ಪರೀಕ್ಷೆಯ ಕೊಠಡಿಗೂ ತಿಂಡಿ ಒಯ್ಯಲು ಇಂಥ ಮಕ್ಕಳಿಗೆ ಅನುಮತಿ ಕೊಟ್ಟಿತು. ಮೇಷ್ಟ್ರೇ, ಮೇಡಂ, ನಿಮ್ಮ ತರಗತಿಯಲ್ಲಿ ಅದಕ್ಕೆ ಸುತ್ತೋಲೆಯೇ ಬರಬೇಕೆಂದೇನಿಲ್ಲ.

ದುಡ್ಡಿನ ಮಾತು. ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷಣೆ ಕೊಡುತ್ತದೆಂದು ವೈದ್ಯರು ಬರೆಯತೊಡಗಿ ವರ್ಷಗಳಾದವು. ಒಂದು ಮಾತ್ರೆಗೆ ಸುಮಾರು ₹60 ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿದ ಕೂಡಲೇ ಹಲವು ಕಂಪನಿಗಳು ತಯಾರಿಸತೊಡಗಿ, ಕೆಲವು ಬ್ರ್ಯಾಂಡುಗಳ ಬೆಲೆ ಹತ್ತು ರೂಪಾಯಿಗಿಂತ ಕೆಳಗಿಳಿಯಿತು. ಫೆಬ್ರವರಿಯಲ್ಲಿ ಆ ಮಾತ್ರೆ ಕೊಳ್ಳದೆ ಬಿಟ್ಟವರನ್ನು ನಿರ್ಲಕ್ಷ್ಯದವರು ಎಂದು ನಾವು ಬರೆದುಕೊಂಡಿದ್ದೆವು. ಏಪ್ರಿಲ್‌ನಲ್ಲಿ ಅವರೇ ಕೊಂಡು ನುಂಗಿದರೆ, ಎರಡು ತಿಂಗಳಲ್ಲಿ ಬದಲಾದದ್ದು ಅವರ ಗುಣವೇ? ಜನೌಷಧಿ ಕೇಂದ್ರದಲ್ಲಿ ಸಿಗುವ ಮೆಟ್‌ಫಾರ್ಮಿನ್ ಕೂಡ ಮೆಟ್‌ಫಾರ್ಮಿನ್ನೇ ಎಂದು ಬಾಯ್ಬಿಟ್ಟು ಹೇಳದ, ದುಬಾರಿ ಬ್ರ್ಯಾಂಡಿನ ಹೆಸರನ್ನೇ ಬರೆಯುವ ಪೆನ್ನುಗಳನ್ನು ಯಾರು ಬೈಯುತ್ತಾರೆ? ಇನ್ನು ಊಟ. ಅನ್ನ ಕಡಿಮೆ ಮಾಡಿ, ತರಕಾರಿ, ಮೊಟ್ಟೆ, ಕಾಳು ಜಾಸ್ತಿ ತಿನ್ನಿ ಎನ್ನುತ್ತೇವೆ. ನ್ಯಾಯಬೆಲೆ ಅಂಗಡಿಯ ಚೀಲದಲ್ಲಿ ಮುಖ್ಯವಾಗಿ ಬರುವುದು ಅಕ್ಕಿಯೇ. ಅಷ್ಟು ಹೇಳಿದರೆ ಸಾಕು.

ಕಾಲಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಚಿಕಿತ್ಸೆ ಎಂದರೆ ಮಾತ್ರೆ ಮಾತ್ರ ಅಲ್ಲ. ಸಕ್ಕರೆ ಕಾಯಿಲೆಯಲ್ಲಿ ನರ ಸತ್ತು ಪಾದಕ್ಕೆ ಸ್ಪರ್ಶ ಹೋಗುತ್ತದೆ, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ನೋವು ತಿಳಿಯದ ಪಾದ ಹೇಗೆ ಹಾಳಾಗುತ್ತದೆಂದು ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್. ಬೆರಳುಗಳನ್ನು ತಿನ್ನುತ್ತಿದ್ದದ್ದು ಕುಷ್ಠ ನೇರವಾಗಿ ಅಲ್ಲ, ನೋವಿಲ್ಲದ ಕಾರಣ ಗಮನಕ್ಕೆ ಬಾರದೆ ಹೋದ ಗಾಯಗಳು ಎಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಅದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ನಮ್ಮ ಆಸ್ಪತ್ರೆಗಳಲ್ಲಿ ಇವತ್ತಿಗೂ ಆ ಕೆಲಸದ ಗುರುತು. ‘ಬರಿಗಾಲಲ್ಲಿ ನಡೆಯಬೇಡಿ’ ಎಂದು ಚೀಟಿಯಲ್ಲಿ ಬರೆದುಕೊಟ್ಟು ಕಳಿಸುತ್ತೇವೆ. ಆ ಮನುಷ್ಯ ಹರಕೆ ಹೊತ್ತು ದೇವಸ್ಥಾನಕ್ಕೆ ಹೋಗುತ್ತಾರೆ, ಏಪ್ರಿಲ್ ಬಿಸಿಲಿನ ಮಧ್ಯಾಹ್ನ, ಕಾದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ. ಉಳಿದವರು ಕುಣಿದುಕೊಂಡು ಓಡುತ್ತಾರೆ. ಇವರು ಸಮಾಧಾನವಾಗಿ ಭಕ್ತಿಯಿಂದ ನಡೆಯುತ್ತಾರೆ. ರಾತ್ರಿ ನೋಡಿದರೆ ಅಂಗಾಲ ತುಂಬ ಬೊಬ್ಬೆ. ದೇವರನ್ನು ಬಿಡಿ ಎಂದು ಅವರಿಗೆ ಹೇಳಲಾಗದು, ಹೇಳಲೂಬಾರದು. ಧರ್ಮದರ್ಶಿಗಳು ಪ್ರದಕ್ಷಿಣೆಯ ದಾರಿಗೆ ನಾರಿನ ಚಾಪೆ ಹಾಸಿ ನೀರು ಹಾಕಿಸಬಹುದು. ಕೆಲವು ಕಡೆ ಹಾಸಿದ್ದಾರೆ. ಬಟ್ಟೆಯ ಕಾಲುಚೀಲ ಹಾಕಿಕೊಂಡವರನ್ನು ಬಾಗಿಲಲ್ಲಿ ತಡೆಯದೆ ಇರಬಹುದು.

ಇವೆಲ್ಲದರ ಕೆಳಗೆ, ಮಾತಿಗೆ ಸಿಗದ ಒಂದು ದಣಿವಿದೆ. ದಿನಾ ಎದ್ದರೆ ಎಣಿಸಬೇಕು, ಚುಚ್ಚಿಕೊಳ್ಳಬೇಕು, ಅಳೆದು ತಿನ್ನಬೇಕು. ಭಾನುವಾರವಿಲ್ಲ, ಹಬ್ಬವಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಎಲ್ಲ ಸರಿಯಾಗಿ ಮಾಡಿದ ತಿಂಗಳಲ್ಲೂ ಮಗಳ ಹೆರಿಗೆಯ ಆತಂಕಕ್ಕೋ, ಒಂದು ಜ್ವರಕ್ಕೋ ಸಕ್ಕರೆ ಏರಿಬಿಡುತ್ತದೆ. ಅವತ್ತೇ ರಕ್ತಪರೀಕ್ಷೆ, ಅವತ್ತೇ ಬೈಗುಳ. ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಖಿನ್ನರಾದವರು ಮೊದಲು ಬಿಡುವುದು ತಮ್ಮನ್ನು ತಾವು ನೋಡಿಕೊಳ್ಳುವುದನ್ನು. ಗ್ಲೂಕೋಮೀಟರ್ ತೋರಿಸಿದ ಅಂಕಿಗೆ ಮನೆಮಂದಿಯೆಲ್ಲ ಮುಖ ಗಂಟಿಕ್ಕಿದರೆ, ನಾಳೆಯಿಂದ ಅವರು ಗ್ಲೂಕೋಮೀಟರನ್ನೇ ಮುಟ್ಟುವುದಿಲ್ಲ. ಮನೆಯವರೇ, ಅಂಕಿಯನ್ನು ಪರೀಕ್ಷೆಯ ಮಾರ್ಕ್ಸ್ ನೋಡಿದ ಹಾಗೆ ನೋಡಬೇಡಿ. ‘ಎಷ್ಟು ಬಂತು?’ ಎನ್ನುವ ಬದಲು ‘ಇವತ್ತು ಹೇಗಿದೀರಿ?’ ಎನ್ನಿ. ಜೊತೆಗೆ ಅರ್ಧ ಗಂಟೆ ನಡೆಯಿರಿ.

ಮಾತ್ರೆ ಬಿಟ್ಟರೆ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಬಿಟ್ಟರೆ ಕಣ್ಣು ಹೋಗುತ್ತದೆ, ಕಾಲು ಹೋಗುತ್ತದೆ, ಡಯಾಲಿಸಿಸ್ ಮಂಚವೇ ಮನೆಯಾಗುತ್ತದೆ. ಅಷ್ಟು ದೊಡ್ಡ ಬೆಲೆ ತೆರಬೇಕಾದವರನ್ನು ಒಂಟಿಯಾಗಿ ಬಿಟ್ಟಿದ್ದೇವೆ ಎಂಬುದೇ ನನ್ನ ಸಿಟ್ಟು.

ಸರ್ಕಾರ ಸುಮ್ಮನಿದೆ ಎಂದರೆ ತಪ್ಪಾಗುತ್ತದೆ. 2022ರ ಡಿಸೆಂಬರ್‌ನಿಂದ ರಾಜ್ಯದಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳು ಬಂದವು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, 2025ರೊಳಗೆ 7.5 ಕೋಟಿ ಬಿ.ಪಿ., ಶುಗರ್ ರೋಗಿಗಳನ್ನು ಸರಿಯಾದ ಚಿಕಿತ್ಸೆಗೆ ತರುತ್ತೇವೆಂದು ಗುರಿ ಹಾಕಿಕೊಂಡಿತು. 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆ, ಮನೆ ಬಾಗಿಲಿಗೇ ಹೋಗಿ ತಪಾಸಣೆ ಮಾಡಿ ಔಷಧಿ ತಲುಪಿಸುವ ಮಾತಾಡಿತು. ದಾರಿ ಸರಿಯಿದೆ. ಆದರೆ ಪತ್ತೆ ಹಚ್ಚಿದವರ ಸಂಖ್ಯೆಯನ್ನು ಹೇಳುವ ಉತ್ಸಾಹ, ಆರನೇ ತಿಂಗಳಲ್ಲಿ ಎಷ್ಟು ಜನ ಇನ್ನೂ ಮಾತ್ರೆ ನುಂಗುತ್ತಿದ್ದಾರೆಂದು ಹೇಳುವುದರಲ್ಲಿ ಕಾಣುವುದಿಲ್ಲ. ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯ ಗೌರವಧನದ ಪ್ರಶ್ನೆಗೆ ಮತ್ತೆ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾದ ಸ್ಥಿತಿ ಇರುವಾಗ, ಅವಳಿಂದ ನಾವು ಏನೇನನ್ನು ಕೇಳುತ್ತಿದ್ದೇವೆ ಎಂಬುದನ್ನೂ ಯೋಚಿಸಬೇಕು.

ಒಂದು ಬೇಡಿಕೆಯನ್ನಂತೂ ನಾಳೆಯೇ ಇಡಬಹುದು. ಸರ್ಕಾರಿ ಆಸ್ಪತ್ರೆಗೆ ಬರುವ ಕೂಲಿಯವರಿಗೆ ಹತ್ತು–ಹದಿನೈದು ದಿನದ ಮಾತ್ರೆ ಕೊಟ್ಟು ಮತ್ತೆ ಬನ್ನಿ ಎನ್ನುವ ರೂಢಿ ಹಲವು ಕಡೆ ಇದೆ. ಪ್ರತಿ ಸಲ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಬಂದ ದಿನ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದರೆ ಎರಡೂ ಹೋಯಿತು. ಎರಡನೇ ತಿಂಗಳಿಗೆ ಬರುವುದು ನಿಲ್ಲಿಸುತ್ತಾರೆ. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಬಿ.ಪಿ., ಶುಗರ್ ಇರುವವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಒಟ್ಟಿಗೆ, ಆಶಾ ಅಥವಾ ಉಪಕೇಂದ್ರದ ಮೂಲಕ ತಲುಪಿಸಬಹುದೆಂದು ಹೇಳಿತ್ತು. ಸೋಂಕಿನ ಭಯಕ್ಕೆ ಸಾಧ್ಯವಾದದ್ದು ಕೂಲಿಯವರ ಕೂಲಿಗಾಗಿ ಯಾಕೆ ಸಾಧ್ಯವಾಗಬಾರದು? ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಮುಂದಿನ ಸಭೆಗೆ ಹೋಗಿ, ಹೋಗಲಾಗದಿದ್ದರೆ ಸದಸ್ಯರನ್ನು ಹಿಡಿಯಿರಿ, ಮತ್ತು ಮೂರು ವಿಷಯ ಕೇಳಿ ಬರೆಸಿ: ಮೆಟ್‌ಫಾರ್ಮಿನ್ ಮತ್ತು ಇನ್ಸುಲಿನ್ ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಇರಲಿಲ್ಲ, ಸ್ಥಿರವಾಗಿರುವ ರೋಗಿಗೆ ಒಟ್ಟಿಗೆ ಎಷ್ಟು ದಿನದ ಮಾತ್ರೆ ಕೊಡುತ್ತಿದ್ದೀರಿ, ಬರುವುದು ನಿಲ್ಲಿಸಿದವರ ಪಟ್ಟಿ ಎಲ್ಲಿದೆ ಮತ್ತು ಅವರ ಮನೆಗೆ ಹೋಗಿ ಯಾಕೆಂದು ಕೇಳಿದವರು ಯಾರು. ಉತ್ತರ ಸಿಗುವವರೆಗೆ ಎದ್ದು ಬರಬೇಡಿ.